ಧಬಧಬಿಗೆ ಬೆನ್ನು ಹಾಕಿದ ಬಂಗಲೆ

“ಒಲಿ ಎತ್ತವಾ ಕೆಂಪವ್ವಾ, ಗೌಡರ ಹುಕುಮ್ ಆಗೇತಿ,” ಎಂದು ಗೌಡರ ಆಳು ಸತ್ತೆಪ್ಪ ಬಂದು ಹೇಳಿದಾಗ ಕೆಂಪವ್ವ ಚಹಾ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಗೌಡರ ಹುಕುಮಿಗೆಲ್ಲ ಕೈ ನಿಲ್ಲಿಸಿದರೆ ಚಹಾ ಆರಿಹೋಗುತ್ತದೆ.

ಅಂಕಲಗಿಯಾಚೆಯ ಆ ಊರಿಗೆ ಇದ್ದದ್ದು ಒಂದೇ ಸೊಬಗು, ಮಳೆಗಾಲದಲ್ಲಿ ಹಳ್ಳ ತುಂಬಿ ಬಂಡೆಯಿಂದ ಧುಮುಕುವ ಧಬಧಬಿ. ಗೋಕಾಕ ಫಾಲ್ಸಿಗೆ ಬಂದ ಜನ ಇದನ್ನೂ ನೋಡಿ, ದಾರಿಬದಿಯ ಬೇವಿನಡಿ ಕೆಂಪವ್ವನ ಚಹಾ ಕುಡಿದು ಹೋಗುತ್ತಿದ್ದರು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ನಡೆದದ್ದೇ ಆ ಒಲೆಯಿಂದ. ಈಗ ಸರಕಾರ ಅಲ್ಲೊಂದು ಪ್ರವಾಸಿ ಬಂಗಲೆ ಮಂಜೂರು ಮಾಡಿತ್ತು. ಜಾಗ ಮಾಲಿಂಗಪ್ಪಗೌಡರದು, ಗುತ್ತಿಗೆ ಗೌಡರ ಅಳಿಯನದು, ಇಟ್ಟಿಗೆ ಗೌಡರ ಭಟ್ಟಿಯದು. ಸರಕಾರದ್ದು ದುಡ್ಡು ಮಾತ್ರ.

ಕೆಂಪವ್ವ ಗೌಡರ ವಾಡೆಗೆ ಹೋಗಿ ಅವರ ಮುಂದೆ ಕೈಮುಗಿದು ನಿಂತಳು. “ಒಲಿ ಎತ್ತಿದರ ನಾ ಎಲ್ಲಿ ಹೋಗ್ಲಿ, ಯಪ್ಪಾ?”

“ಸಾಹೇಬ್ರು ಬರೂ ದಾರ್ಯಾಗ ನಿನ್ನ ಕರಿ ಗಡಿಗಿ ಕಾಣಬಾರದು. ಕಟ್ಟೂ ಬಂಗಲೇದ ಹಿಂದ ಹೋಗಿ ಕುಂಡ್ರು. ಅಲ್ಲಿ ಯಾರೂ ಬರಾಂಗಿಲ್ಲ.”

ಯಾರೂ ಬಾರದ ಕಡೆ ಚಹಾ ಯಾರಿಗೆ ಮಾರಲಿ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಹಾದಿಯುದ್ದಕ್ಕೂ ಅತ್ತಳು.

ಬಂಗಲೆ ಎದ್ದಿತು. ಧಬಧಬಿ ಇದ್ದದ್ದು ದಕ್ಷಿಣಕ್ಕೆ. ದಕ್ಷಿಣದ ಬಾಗಿಲು ಯಮನ ಬಾಗಿಲೆಂದು ಗೌಡರು ನಕಾಶೆಯನ್ನೇ ತಿರುಗಿಸಿ ಬಾಗಿಲನ್ನು ಉತ್ತರಕ್ಕೆ ಇಡಿಸಿದರು, ದಕ್ಷಿಣದ ಗೋಡೆಗೆ ಒಂದು ಕಿಟಕಿಯನ್ನೂ ಬಿಡಿಸಲಿಲ್ಲ. ಉತ್ತರಕ್ಕೆ ಗೌಡರ ವಾಡೆ ಚೆನ್ನಾಗಿ ಕಾಣುತ್ತಿತ್ತು. ಅದೂ ಶಾಸ್ತ್ರದಲ್ಲಿ ಇದ್ದಿರಬೇಕು.

ಶ್ರಾವಣದಲ್ಲಿ ಉದ್ಘಾಟನೆ. ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಪ್ರಾಂತ ಸಾಹೇಬರು ಹೆಂಡತಿ ಬಾಯಿಸಾಹೇಬರೊಡನೆ ಬಂದರು. ಹಾರ, ಭಾಷಣ ಮುಗಿದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಎದುರಿನ ವಾಡೆಯನ್ನು ಬಹಳ ಹೊತ್ತು ನೋಡಿದರು.

“ಸದ್ದೇನೋ ಕೇಳ್ತಿದೆ. ಜಲಪಾತ ಎಲ್ಲಿ ಗೌಡರೇ?” ಎಂದರು ಬಾಯಿಸಾಹೇಬರು.

ಗೌಡರು ಕೆಮ್ಮಿದರು. “ಮೊದಲ ಫಳಾರ ಆಗ್ಲಿರಿ.”

ಬಾಯಿಸಾಹೇಬರು ಫಳಾರಕ್ಕೆ ಕಾಯುವ ಪೈಕಿಯಲ್ಲ. ಸೆರಗು ಸಿಕ್ಕಿಸಿಕೊಂಡು ಬಂಗಲೆಯನ್ನು ಸುತ್ತಿ ಹಿಂದಕ್ಕೆ ನಡೆದೇಬಿಟ್ಟರು. ಅವರ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಊರಿಗೆ ಊರೇ.

ಅಲ್ಲಿ ಕೆಂಪವ್ವ ಬೆಳಗಿನಿಂದ ಒಬ್ಬಳೇ ಕುಳಿತಿದ್ದಳು. ಅವಳ ಒಲೆಯಾಚೆ ಇಡೀ ಧಬಧಬಿ ಬೆಳ್ಳಗೆ ಸುರಿಯುತ್ತಿತ್ತು. ಬಾಯಿಸಾಹೇಬರು “ಅಯ್ಯೋ, ಎಷ್ಟು ಚೆನ್ನಾಗಿದೆ!” ಎನ್ನುತ್ತ ಅವಳ ಮಣೆಯ ಮೇಲೆಯೇ ಕುಳಿತರು. ಸಾಹೇಬರು ಕಲ್ಲಿನ ಮೇಲೆ ಕುಳಿತು ಚಹಾ ಕೇಳಿದರು, ಕುಡಿದು ಇನ್ನೊಂದು ಕೇಳಿದರು.

“ಈಕೆಯನ್ನು ಇಲ್ಲಿ ಕೂರಿಸಿದವರು ಬಲೇ ಬುದ್ಧಿವಂತರು. ಇನ್ನು ಯಾರೂ ಎಬ್ಬಿಸಬಾರದು, ಇಲ್ಲೇ ಇರಲಿ,” ಎಂದರು ಸಾಹೇಬರು.

ಕೆಂಪವ್ವನಿಗೆ ಹೋದ ಜೀವ ಬಂದಂತಾಯಿತು.

“ನಾನರೀ ಸಾಹೇಬ್ರ, ನಾನ ಕುಂಡ್ರಿಸೇನಿ!” ಎನ್ನುತ್ತ ಗೌಡರು ಹಿಗ್ಗಿನಿಂದ ಎಲ್ಲರ ಮುಂದೆ ಬಂದು ನಿಂತರು.

“ಗೌಡ್ರ,” ಎಂದಳು ಕೆಂಪವ್ವ, “ತುಸು ಸರೀರಿ. ಬಾಯಿಸಾಹೇಬ್ರಿಗೆ ಧಬಧಬಿ ಕಾಣವಲ್ದು.”

ಗೌಡರು ಅವಳನ್ನು ನೋಡಿದರು, ಸಾಹೇಬರನ್ನು ನೋಡಿದರು. ಆಮೇಲೆ ಧೋತರದ ಚುಂಗು ಹಿಡಿದುಕೊಂಡು, ಒಲೆಯ ಹೊಗೆ ಬರುವ ಕಡೆಗೆ ಸರಿದು ನಿಂತರು.