ಸೂರು ಮುಟ್ಟದ ಗೋಡೆ

ಪಕ್ಕದ ಮನೆಯ ಹಾಡು ಅರ್ಧಕ್ಕೇ ನಿಂತಿತು. ಚಾಪೆಯ ಮೇಲೆ ಮಲಗಿದ್ದ ಪೇಂಟರ್ ಕಣ್ಣು ತೆರೆಯದೆ ಕಾದ. ಹಾಡೆಂದರೆ ಮಾತಿಲ್ಲದ ಬರಿಯ ಗುನುಗು; ಗುಂಡಿ ಹೊಲಿಯುವ ಹುಡುಗಿಗೆ ಸೂಜಿಯ ಜೊತೆ ಅದೂ ಒಂದು ಅಭ್ಯಾಸ. ಈಗ ಮತ್ತೆ ಶುರುವಾದೀತು ಎಂದುಕೊಂಡರೆ ಬಂದದ್ದು ಕೆಮ್ಮು. ಯಾರಿಗೂ ಕೇಳಿಸಬಾರದೆಂದು ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುವ ಕೆಮ್ಮು. ಅದರ ಗುರುತು ಅವನಿಗೆ ಚೆನ್ನಾಗಿತ್ತು. ಮಳೆಗಾಲ ಪೂರ್ತಿ ಅವನೂ ಹಾಗೆಯೇ ಕೆಮ್ಮಿದ್ದ.

ಎರಡೂ ಮನೆಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಒಂದು ಕಾಲದಲ್ಲಿ ಅದೆಲ್ಲ ಒಂದೇ ಉದ್ದನೆಯ ಗೋದಾಮು. ಓನರಮ್ಮನ ಯಜಮಾನರು ಬದುಕಿದ್ದಾಗ ಅಡ್ಡಡ್ಡ ಹಲಗೆ ಹೊಡೆಸಿ ವಠಾರ ಮಾಡಿದ್ದರು. ಹಲಗೆ ಸಾಲದೆ ಹೋಯಿತೋ, ಅಷ್ಟೇ ಸಾಕೆಂದುಕೊಂಡರೋ, ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಮೇಲೆ ಮೊಳದಷ್ಟು ಜಾಗ ಹಾಗೇ ಉಳಿದಿತ್ತು. ಒಬ್ಬರ ಮನೆಯಲ್ಲಿ ಈರುಳ್ಳಿ ಹುರಿದರೆ ಇನ್ನೊಬ್ಬರ ಮನೆಯಲ್ಲಿ ಕಣ್ಣೀರು. ಕಿಟಕಿ ಮಾತ್ರ ಯಾವ ಮನೆಗೂ ಇರಲಿಲ್ಲ. ಬಾಗಿಲು ಹಾಕಿದರೆ ಹಗಲೂ ಕತ್ತಲೆ.

ಕಾಯಿಲೆ ಬೀಳುವವರೆಗೆ ಪೇಂಟರ್ ತನ್ನ ಮನೆಯನ್ನು ಹಗಲು ಹೊತ್ತಿನಲ್ಲಿ ನೋಡಿದವನೇ ಅಲ್ಲ. ಬೆಳಗಾದರೆ ಊರವರ ಗೋಡೆಗಳು, ಸಂಜೆಗೆ ಬಂದು ಊಟ, ನಿದ್ದೆ. ಈಗ ಹೆಂಡತಿ ಇಸ್ತ್ರಿ ಅಂಗಡಿಗೆ ಹೋದ ಮೇಲೆ ದಿನವಿಡೀ ಅವನೊಬ್ಬನೇ. ಬೆಳಗಿನ ಮಾತ್ರೆಗೆ ಮೈ ಹತ್ತಿಯ ಹಾಗೆ ಹಗುರಾಗುತ್ತಿತ್ತು. ಕೆಲಸಕ್ಕೆ ಹೋಗುತ್ತಿದ್ದಾಗ ಮಿಕ್ಕಿದ ಬಣ್ಣಗಳನ್ನೆಲ್ಲ ಅವನು ಆ ಹಲಗೆಯ ಗೋಡೆಗೇ ಬಳಿದು ಮುಗಿಸುತ್ತಿದ್ದ. ಒಂದು ಕಡೆ ಬ್ಯಾಂಕಿನ ನೀಲಿ, ಪಕ್ಕದಲ್ಲಿ ಯಾವುದೋ ಶಾಲೆಯ ಹಳದಿ, ಕೆಳಗೆ ಆಸ್ಪತ್ರೆಯ ತಿಳಿಹಸಿರು. ಜ್ವರದ ಮಂಪರಿನಲ್ಲಿ ನೀಲಿ ನೀರಾಗಿ ಅಲುಗಾಡುತ್ತಿತ್ತು. ಹಳದಿಯ ದಂಡೆಯ ಮೇಲೆ ಯಾರೋ ನಡೆದು ಹೋಗುತ್ತಿದ್ದರು. ಆಚೆಯಿಂದ ಬರುವ ಗುನುಗು ಆ ನೀರಿನೊಳಗಿಂದಲೇ ಬಂದಂತೆ ಕೇಳುತ್ತಿತ್ತು. ಅದರ ಮೇಲೆ ತೇಲಿಕೊಂಡೇ ಅವನು ಮಧ್ಯಾಹ್ನಗಳನ್ನು ದಾಟುತ್ತಿದ್ದ.

ಈಗ ಆ ಗುನುಗಿಗೆ ತೂತು ಬಿದ್ದಿತ್ತು.

"ಏನಮ್ಮಾ, ನೆಗಡಿನಾ?" ಎಂದ ಮಲಗಿದಲ್ಲಿಂದಲೇ.

"ಹೂಂ ಅಣ್ಣ. ಬಟ್ಟೆ ಧೂಳು, ಗಂಟಲಿಗೆ ಹೋಗತ್ತೆ." ಸ್ವಲ್ಪ ತಡೆದು ಅವಳೇ ಕೇಳಿದಳು, "ನಿಮ್ಮ ಟೈಫಾಯಿಡ್ ಹೇಗಿದೆ?"

"ಇದೆ, ಹಾಗೇ," ಎಂದು ಅವನು ಗೋಡೆಗೆ ಬೆನ್ನು ಹಾಕಿದ.

ಟೈಫಾಯಿಡ್ ಎಂಬುದು ಹೆಂಡತಿ ಕಟ್ಟಿದ ಮಾತು. ಕಫ ಪರೀಕ್ಷೆ ಮಾಡಿದ ನರ್ಸಮ್ಮ ಟೀಬಿ ಎಂದಿದ್ದರು. ಮಾತ್ರೆ ಬಿಡದೆ ನುಂಗಿದರೆ ವಾಸಿಯಾಗುತ್ತದೆ, ಹೆದರಬೇಡಿ ಎಂದೂ ಹೇಳಿದ್ದರು. ಆದರೆ ಮೂಲೆಮನೆಯ ಮುದುಕನಿಗೆ ಅದೇ ಕಾಯಿಲೆ ಎಂದು ಗೊತ್ತಾದ ದಿನ ಓನರಮ್ಮ ಆ ಮನೆಯವರ ಪಾತ್ರೆಪಡಗಗಳನ್ನು ಅಂಗಳಕ್ಕೆ ಇಡಿಸಿದ್ದನ್ನು ಇಡೀ ವಠಾರ ನೋಡಿತ್ತು. "ಬಾಯಿಗೆ ಬೀಗ ಹಾಕ್ಕೊಂಡಿರು. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಿದ್ದಳು ಹೆಂಡತಿ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ನರ್ಸಮ್ಮ ಕೇಳಿದಾಗ ಅವನು ತನ್ನ ಮತ್ತು ಹೆಂಡತಿಯ ಹೆಸರನ್ನಷ್ಟೇ ಹೇಳಿದ್ದ. ಅವಳಿಗೂ ಪರೀಕ್ಷೆಯಾಗಿ, ಏನೂ ಇಲ್ಲ ಎಂದು ಬಂದಿತ್ತು. ಗೋಡೆಯಾಚೆಯವರೂ ಮನೆಯವರೇ ಎಂದು ಅವನಿಗೆ ಹೊಳೆದಿರಲಿಲ್ಲ.

ಆ ಸಂಜೆ ಹೆಂಡತಿ ಇಸ್ತ್ರಿಯ ಬಿಸಿ ಇನ್ನೂ ಆರದ ಕೈಗಳಲ್ಲಿ ಅವನ ಹಣೆ ಮುಟ್ಟಿ ನೋಡಿದಾಗ, ಅವನು ಮೆಲ್ಲಗೆ ಹೇಳಿದ. "ಆ ಹುಡುಗಿ ಕೆಮ್ತಿದಾಳೆ ಕಣೆ."

"ಕೆಮ್ಮಲಿ ಬಿಡು. ಕೆಮ್ಮು ಯಾರಿಗೆ ಬರಲ್ಲ?"

"ನನ್ನ ಹಾಗೇ ಕೆಮ್ತಾಳೆ. ಅವಳಿಗೆ ಹೇಳಿಬಿಡ್ತೀನಿ."

ಅವಳ ಕೈ ಹಣೆಯಿಂದ ಸರಿಯಿತು. ಮೇಲಿನ ಸಂದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಹೇಳಿ? ನಿನ್ನನ್ನ ಎತ್ತಿಕೊಂಡು ಯಾವ ಬೀದೀಲಿ ಕೂತ್ಕೊಳ್ಳಲಿ ನಾನು? ಮಲಗೋಕೆ ಒಂದು ಸೂರಿದೆ, ಅದಕ್ಕೂ ಕಲ್ಲು ಹಾಕ್ತೀಯಾ?" ಎಂದಳು. ಆಮೇಲೆ ತಟ್ಟೆಯ ಮುಂದೆ ಕೂತವಳು ಏನನ್ನೂ ತಿನ್ನದೆ ಎದ್ದಳು.

ಮಾರನೆಯ ಮಧ್ಯಾಹ್ನ ಗುನುಗೇ ಇರಲಿಲ್ಲ. ದಾರ ಕಡಿಯುವ ಸಣ್ಣ ಸದ್ದು, ಕೆಮ್ಮು, ಮತ್ತೆ ದಾರ. ಪೇಂಟರ್ ನೀಲಿ ಬಣ್ಣವನ್ನೇ ನೋಡುತ್ತಿದ್ದ. ಅದು ಇವತ್ತು ಅಲುಗಾಡದೆ ಬರಿಯ ಹಲಗೆಯಾಗಿ ನಿಂತಿತ್ತು. ಅವನು ಎದ್ದು ಕೂತು, ಗೋಡೆಗೆ ಬಾಯಿ ಹತ್ತಿರ ತಂದ.

"ತಂಗೀ."

"ಏನಣ್ಣ?"

"ಸಂಜೆ ಹೊತ್ತು ಸಣ್ಣಗೆ ಜ್ವರ ಬರತ್ತಾ ನಿಂಗೆ?"

ದಾರದ ಸದ್ದು ನಿಂತಿತು.

"ಮಲಗಿದಾಗ ಮೈ ಬೆವರತ್ತಾ? ದಿಂಬು ಒದ್ದೆ ಆಗೋ ಅಷ್ಟು?"

"ಅಣ್ಣ, ನಿಮಗೆ ಯಾರು ಹೇಳಿದ್ರು?" ಅವಳ ದನಿ ಗೋಡೆಗೆ ತೀರಾ ಹತ್ತಿರ ಬಂದಿತ್ತು. "ನಮ್ಮೋರಿಗೂ ಹೇಳಿಲ್ಲ ನಾನು. ಮದುವೆ ಆಗಿ ವರ್ಷ ಆಗಿಲ್ಲ, ರೋಗಿಷ್ಟೆ ಬಂದ್ಲು ಅಂತಾರೆ."

"ನಂಗೆ ಟೈಫಾಯಿಡ್ ಅಲ್ಲ ಕಣಮ್ಮ. ಟೀಬಿ."

ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಕೂಗುತ್ತ ಹೋದ. ಅವನ ಕೂಗು ಎರಡೂ ಮನೆಗಳನ್ನು ಹಾದು ದೂರವಾಯಿತು. ಎಷ್ಟೋ ಹೊತ್ತಿನ ಮೇಲೆ ಆಚೆ ಕಡೆ ಡಬ್ಬಿ ಉರುಳಿ ಗುಂಡಿಗಳು ನೆಲದ ತುಂಬ ಚೆಲ್ಲಿದ ಸದ್ದು ಕೇಳಿಸಿತು. ಅವಳು ಅವನ್ನು ಆರಿಸುವ ಸದ್ದು ಕೇಳಲಿಲ್ಲ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗು," ಎಂದ ಅವನು. "ನರ್ಸಮ್ಮ ಒಳ್ಳೆಯವರು, ಬೈಯಲ್ಲ. ಮೊದಲೇ ಹೇಳಬೇಕಿತ್ತು ನಾನು. ಹೇಳಲಿಲ್ಲ."

ಹುಡುಗಿಗೂ ಅದೇ ಕಾಯಿಲೆ ಇದೆ ಎಂದು ತಿಳಿದ ದಿನ ಸಂಜೆ ಅವಳ ಗಂಡ ಬಂದು ಬಾಗಿಲು ಗುದ್ದಿದ. ಮಂಡಿಯಲ್ಲಿ ಮೂಟೆ ಹೊರುವವನು, ಗುದ್ದಿದ ರಭಸಕ್ಕೆ ಇಡೀ ಹಲಗೆ ಗೋಡೆಯೇ ನಡುಗಿತು. "ಹೊರಗೆ ಬಾರೋ! ನನ್ನ ಹೆಂಡ್ತಿಗೆ ಅಂಟಿಸಿಬಿಟ್ಟು ಒಳಗೆ ಮಲಗಿದೀಯಾ?"

ಬಾಗಿಲಿಗೆ ಹೋದದ್ದು ಪೇಂಟರನ ಹೆಂಡತಿ. ಗಂಡನ ಮೇಲೆ ಅವಳಿಗೂ ಕೆಂಡದಂಥ ಸಿಟ್ಟಿತ್ತು. ಅವನು ಮಾತು ಮೀರಿದನೆಂದು ಎರಡು ದಿನದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಆದರೂ ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತಳು. "ಹೊಡೀಬೇಕು ಅಂದ್ರೆ ನಂಗೆ ಹೊಡಿ. ಬಚ್ಚಿಟ್ಟಿದ್ದು ನಾನು. ಬಾಯಿ ಬಿಟ್ಟೋನು ಅವನು. ಅವನು ಸುಮ್ಮನಿದ್ದಿದ್ರೆ ನಿನ್ನ ಹೆಂಡ್ತಿ ಇನ್ನೂ ಧೂಳು ಅಂತ ಕೆಮ್ಮಿಕೊಂಡು ಕೂತಿರೋಳು."

ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಅದನ್ನು ತಲೆಗೆ ಕೊಂಡೊಯ್ದು ಕೂದಲು ಕೆರೆದುಕೊಂಡ. ಆಮೇಲೆ ಹೊಸ್ತಿಲ ಮುಂದೆ ಕುಸಿದು ಕೂತು, "ಅಕ್ಕ, ಸಾಯ್ತಾಳಾ ಅವಳು?" ಎಂದು ಕೇಳಿದ. ಅಷ್ಟು ದೊಡ್ಡ ಆಳಿನ ದನಿ ಪಿಸುಮಾತಾಗಿತ್ತು.

"ಇಲ್ಲ ಕಣಪ್ಪ," ಎಂದ ಪೇಂಟರ್ ಒಳಗಿನಿಂದ. "ನನ್ನನ್ನ ನೋಡು. ಹೋದ ತಿಂಗಳು ಕೂತ್ಕೊಳ್ಳೋಕೂ ಆಗ್ತಿರಲಿಲ್ಲ."

ಸುದ್ದಿ ಓನರಮ್ಮನಿಗೆ ಮುಟ್ಟಲು ತಡವಾಗಲಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡಗಳ ಸಾಲು ಇರುವಾಗಲೇ ಅವರು ಸೆರಗನ್ನು ಮೂಗಿಗೆ ಹಿಡಿದುಕೊಂಡು ಬಂದರು. "ಪೇಂಟರಪ್ಪಾ, ನಿನ್ನ ಮೇಲೆ ನನಗೇನೂ ದ್ವೇಷ ಇಲ್ಲ. ವಾರದೊಳಗೆ ಖಾಲಿ ಮಾಡಿಬಿಡು. ಹತ್ತು ಜನ ಇರೋ ಜಾಗ."

ಸಾಲಿನಲ್ಲಿದ್ದವರು ಕೊಡ ನೋಡುತ್ತ ನಿಂತರು. ಗುಂಡಿ ಹುಡುಗಿ ಮಾತ್ರ ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಸರಿಮಾಡಿಕೊಂಡು ಮುಂದೆ ಬಂದಳು. "ನಂಗೂ ಅದೇ ಇದೆ, ಅಮ್ಮಾ. ನಾವೂ ಖಾಲಿ ಮಾಡಬೇಕಾ?"

"ನೀನೂನಾ?" ಓನರಮ್ಮ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ದಿನಾ ಬೆಳಿಗ್ಗೆ ನಿನ್ನ ಪಕ್ಕದಲ್ಲೇ ಬಂದು ಕೂತ್ಕೋತಿದ್ದೆನಲ್ಲೇ ನಾನು! ಸೂಜಿಗೆ ದಾರ ಪೋಣಿಸಿಕೊಡ್ತಿದ್ದೆನಲ್ಲೇ!" ಸೆರಗು ಮೂಗಿನಿಂದ ಜಾರಿದ್ದು ಅವರ ಗಮನಕ್ಕೆ ಬರಲಿಲ್ಲ. ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

"ನಾಳೆ ಆಸ್ಪತ್ರೆಗೆ ಹೋಗ್ತೀವಲ್ಲ, ನೀವೂ ಬನ್ನಿ," ಎಂದಳು ಹುಡುಗಿ. ಆಕೆಯ ತೋಳನ್ನು ಮುಟ್ಟಲು ಚಾಚಿದ ಕೈಯನ್ನು ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು. ಓನರಮ್ಮ ಅದನ್ನು ನೋಡಿದರು.

ಮಾರನೆಯ ದಿನ ಅವರೂ ಆಸ್ಪತ್ರೆಗೆ ಹೋದರು. ಅವರ ಜೊತೆ ನಲ್ಲಿಯ ಹತ್ತಿರ ಕೊಡ ನೋಡುತ್ತ ನಿಂತಿದ್ದವರಲ್ಲಿ ಕೆಲವರೂ ಹೋದರು. ಪರೀಕ್ಷೆಯಲ್ಲಿ ಓನರಮ್ಮನಿಗೆ ಏನೂ ಇಲ್ಲ ಎಂದು ಬಂತು. ಖಾಲಿ ಮಾಡಿ ಎಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡರೆಂದೂ ಹೇಳಲಾಗದು. ಮತ್ತೆ ಆಡಲಿಲ್ಲ, ಅಷ್ಟೆ. ಗಾಳಿ ಬೆಳಕು ಬೇಕು ಎಂದು ನರ್ಸಮ್ಮ ಅವರ ಮುಖಕ್ಕೇ ಹೇಳಿದ್ದರಿಂದಲೋ ಏನೋ, ಒಂದು ದಿನ ತಮ್ಮ ಮನೆಯ ತಾರಸಿಯ ಬೀಗದ ಕೈಯನ್ನು ಪೇಂಟರನ ಹೊಸ್ತಿಲ ಮೇಲಿಟ್ಟು, "ಬಿಸಿಲಿಗೆ ಕೂತ್ಕೊಳ್ಳಿ. ನನ್ನ ಗಿಡದ ಕುಂಡಗಳನ್ನ ಮಾತ್ರ ಮುಟ್ಟಬೇಡಿ," ಎಂದು ಗೊಣಗಿ ಹೋದರು.

ಮೆಟ್ಟಿಲು ಹತ್ತುವಾಗ ಪೇಂಟರ್ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಹುಡುಗಿ ಹಿಂದೆಯೇ ನಿಂತು ಕಾದಳು. ಮೇಲೆ ಬಂದಾಗ ಬಿಸಿಲು ಇಬ್ಬರ ಕಣ್ಣನ್ನೂ ಮುಚ್ಚಿಸಿತು. ಇಷ್ಟು ದಿನ ಮಾತಾಡಿದ್ದೆಲ್ಲ ಗೋಡೆಯ ಮೂಲಕ. ಹೀಗೆ ಎದುರು ಬದುರಾದಾಗ ಇಬ್ಬರಿಗೂ ನಾಚಿಕೆಯಾಯಿತು. ಸ್ವಲ್ಪ ದೂರ ದೂರ ಕೂತರು.

"ನಿಮ್ಮಿಂದಾನೇ ಬಂತಾ, ನನಗೆ ಮೊದಲೇ ಇತ್ತಾ ಅಂತ ನರ್ಸಮ್ಮನ್ನ ಕೇಳಿದೆ," ಎಂದಳು ಅವಳು. "ಗೊತ್ತಾಗಲ್ಲ ಅಂದ್ರು."

"ನಾನೂ ಕೇಳಿದ್ದೆ."

"ಏನಂದ್ರು?"

"ಅದನ್ನೇ."

ಅವಳು ನಕ್ಕಳು. ಮಾತ್ರೆಯ ಮಂಪರು ಅವಳಿಗೂ ಈಗ ಹತ್ತಿತ್ತು. ಊರಿನಲ್ಲಿರುವ ತಮ್ಮನ ವಿಷಯ ಏನೋ ಹೇಳುತ್ತಿದ್ದವಳ ಮಾತು ಸಡಿಲವಾಗುತ್ತ, ನಡುನಡುವೆ ತಪ್ಪುತ್ತ ಹೋಗಿ, ಹಾಗೇ ಕಟ್ಟೆಗೆ ತಲೆಯಿಟ್ಟು ನಿದ್ದೆ ಹೋದಳು. ಪೇಂಟರ್ ಕೆಳಗೆ ನೋಡಿದ. ವಠಾರದ ಸೂರು ಉದ್ದಕ್ಕೆ ಒಂದೇ ಆಗಿ ಮಲಗಿತ್ತು. ಯಾವ ಮನೆ ಎಲ್ಲಿ ಮುಗಿಯುತ್ತದೆಂದು ಇಲ್ಲಿಂದ ತಿಳಿಯುವಂತಿರಲಿಲ್ಲ.

ತಂತಿಯ ಮೇಲೆ ಓನರಮ್ಮ ಒಣಹಾಕಿದ ಬಿಳಿಯ ಹೊದಿಕೆಯೊಂದಿತ್ತು. ಎಲ್ಲಿಂದಲೋ ಗಾಳಿ ಬಂದು ಅದರೊಳಗೆ ಮೆಲ್ಲಗೆ ತುಂಬಿಕೊಂಡಿತು, ಒಂದು ಗಳಿಗೆ ಹಾಗೇ ನಿಂತಿತು, ಮತ್ತೆ ಮೆಲ್ಲಗೆ ಹೊರಗೆ ಹೋಯಿತು. ಅವನು ಅಲುಗಾಡದೆ ಕೂತು, ಅದು ಮತ್ತೆ ತುಂಬುವುದನ್ನು ಕಾಯತೊಡಗಿದ.