ಗುತ್ತೆವ್ವ ಸಿಸ್ಟರ್ ಕಲಿಸಿದ ಪ್ರಶ್ನೆ

ಕೋರ್ಸಿಗೆ ಸೀಟು ಸಿಕ್ಕಾಗ ಭಾಗ್ಯಶ್ರೀ ಓಣಿಗೆಲ್ಲ ಪೇಡೆ ಹಂಚಿದ್ದಳು. ಕಲಿಸುವವರೇ ಸಿಗುವುದಿಲ್ಲ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ. ಮನೋರೋಗಿಗಳ ಆರೈಕೆ ಕಲಿಯುವ ನರ್ಸುಗಳ ಮೇಲ್ಮಟ್ಟದ ಕೋರ್ಸು ಅದು. ಪುಸ್ತಕದ ಪಾಠ ಕಾಲೇಜಿನದು. ರೋಗಿಗಳ ಎದುರು ಕೂರಿಸಿಕೊಂಡು ಕಲಿಸುವ ಅನುಭವಸ್ಥ ನರ್ಸೊಬ್ಬರನ್ನು ಮಾತ್ರ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಹುಡುಕಿಕೊಳ್ಳಿ ಎಂದು ಬಾಯಲ್ಲಿ ಹೇಳುವುದು ಎಷ್ಟು ಸಲೀಸು! ಶಿಗ್ಗಾಂವಿಯಲ್ಲಿ ಆ ವಿಭಾಗವೇ ಇಲ್ಲವೆಂದರು. ಸವಣೂರಿನಲ್ಲಿ ಚಹಾ ಕುಡಿಸಿ ಕಳಿಸಿದರು. ಹಿರೇಕೆರೂರಿನ ಸಿಸ್ಟರ್ ಒಬ್ಬರು, "ನನಗ ಉಸರಾಡಾಕ ಪುರಸೊತ್ತಿಲ್ಲ, ನಿನಗೇನ ಕಲಸ್ಲಿ ಯವ್ವಾ?" ಎಂದು ಕೈ ಮುಗಿದರು. ಒಪ್ಪಿಕೊಂಡವರು ಹಾನಗಲ್ಲಿನ ಗುತ್ತೆವ್ವ ಸಿಸ್ಟರ್ ಒಬ್ಬರೇ. ಅವರೂ ಕೈಬಿಟ್ಟರೆ ವರ್ಷ ಹಾಳು, ಸೀಟೂ ಹೋಗುತ್ತದೆ ಎಂದು ಕಾಲೇಜಿನವರು ಮೊದಲೇ ಹೇಳಿಬಿಟ್ಟಿದ್ದರು.

ಗುತ್ತೆವ್ವ ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಡಾಕ್ಟರ ಮುಂದೆ ಬಾಯಿ ಬಿಡದವರೂ ಅವರ ಮುಂದೆ ಕೂತರೆ ಸಾಕು, ಹೊಟ್ಟೆಯಲ್ಲಿದ್ದುದನ್ನೆಲ್ಲ ಆಡಿ, ಕಣ್ಣೊರೆಸಿಕೊಂಡು, ಹಗುರಾಗಿ ಬಸ್ಸು ಹತ್ತುತ್ತಿದ್ದರು. ನಮ್ಮ ಜನ ಹೀಗೆಯೇ. ಕೇಳಿಸಿಕೊಂಡವಳ ಹೊಟ್ಟೆಯಲ್ಲಿ ಅದೆಲ್ಲ ಏನಾಯಿತು ಎಂದು ಒಬ್ಬರಾದರೂ ಕೇಳಿದ್ದರೆ ಹೇಳಿ.

ಆ ಮಂಗಳವಾರ ಮಾಸೂರಿನ ಫಕ್ಕೀರವ್ವ ಬಂದಿದ್ದಳು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಮಾತಿನ ನಡುವೆ, "ಭೂಮಿಗೆ ಭಾರ ಆಗೇನಿ, ಹೋಗಿಬಿಟ್ರ ಚಲೋ" ಎಂದಳು.

ಭಾಗ್ಯಶ್ರೀಯ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು. "ಅಯ್ಯ, ಬಿಡ್ತು ಅನ್ರಿ! ಹಂಗೆಲ್ಲಾ ಅನಬಾರ್ದು."

"ಬಿಡ್ತು" ಎಂದಳು ಫಕ್ಕೀರವ್ವ, ಬೈಸಿಕೊಂಡ ಕೂಸಿನ ಹಾಗೆ. ಅಷ್ಟೇ. ಆಮೇಲೆ ಏನು ಕೇಳಿದರೂ ಬರೀ ತಲೆ ಅಲ್ಲಾಡಿಸಿದಳು. ಕೊನೆಗೆ ಗುತ್ತೆವ್ವ ಅವಳನ್ನು ಒಳಕೋಣೆಗೆ ಕರೆದೊಯ್ದು, ಬಹಳ ಹೊತ್ತು ಕೂತು, ಡಾಕ್ಟರಿಗೆ ತೋರಿಸಿ, ಜೊತೆಗಿದ್ದ ಸೊಸೆಗೆ ಎಲ್ಲ ತಿಳಿಸಿ ಕಳಿಸಿದರು.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಗುತ್ತೆವ್ವ ಬಾಗಿಲು ಮುಂದೆ ಮಾಡಿದರು.

"ನೀ ಆಕೀನ್ನ ಸಮಾಧಾನ ಮಾಡಲಿಲ್ಲ ತಂಗಿ, ಆಕಿ ಬಾಯಿ ಕಟ್ಟಿದಿ. ಅಪಶಕುನ ಅಂತ ನಿನಗ ಹೆದರಿಕಿ. ಕೇಳಿದ್ರ ಸಾಯಂಗಿಲ್ಲ ಯಾರೂ. ನೆಟ್ಟಗ ಕೇಳಬೇಕು, ಸಾಯಬೇಕು ಅನಸ್ತೈತೇನು ಅಂತ. ಹೌದು ಅಂದ್ರ, ಹೆಂಗಂತ ವಿಚಾರ ಮಾಡಿಯೇನು ಅಂತ. ಆಮ್ಯಾಲೆ ಒಬ್ಬಾಕಿನ್ನ ಬಿಡಬಾರ್ದು, ಗುಟ್ಟು ಇಡತೇನಿ ಅಂತ ಮಾತೂ ಕೊಡಬಾರ್ದು. ಈಗ ನಾನ ಫಕ್ಕೀರವ್ವ ಅಂತ ತಿಳಕೊ. ಕೇಳು."

ಭಾಗ್ಯಶ್ರೀಗೆ ನಗು ಬಂತು. ನಾಚಿಕೆಯೂ ಆಯಿತು. ಎರಡು ಸಲ ತಡವರಿಸಿ, ಮೂರನೆಯ ಸಲ ಕೇಳಿದಳು. "ಸಾಯಬೇಕು ಅನಸ್ತೈತೇನ್ರಿ ಅಕ್ಕಾರ?"

"ಅನಸ್ತೈತಿ."

"ಹೆಂಗಂತ ವಿಚಾರ ಮಾಡೀರೇನ್ರಿ?"

"ಮಾಡೇನಿ. ಬೇಕಾದ್ದು ಮನ್ಯಾಗ ತಂದ ಇಟ್ಟೇನಿ. ಕಪಾಟಿನ್ಯಾಗ, ಇವರು ಹೋದ ಮ್ಯಾಲೆ ಮಡಿಚಿಟ್ಟ ಪಂಜೆದ ಕೆಳಗ."

ಇವರು ಹೋದ ಮ್ಯಾಲೆ ಎಂದಾಗ ಅವರ ಕಣ್ಣು ಗೋಡೆಯ ಮೇಲಿತ್ತು. ಫಕ್ಕೀರವ್ವನ ಗಂಡ ಬದುಕಿದ್ದಾನೆ. ಬೆಳಿಗ್ಗೆ ಅವನೇ ಬಸ್‌ಸ್ಟ್ಯಾಂಡಿನತನಕ ಬಂದು ಬಿಟ್ಟು ಹೋಗಿದ್ದನ್ನು ಅವಳೇ ಹೇಳಿದ್ದಳು. ಭಾಗ್ಯಶ್ರೀ ಅವರ ಕೈ ಹಿಡಿದುಕೊಂಡಳು.

"ಅಕ್ಕಾರ, ಇದು ಪಾಠ ಅಲ್ಲಲ್ರಿ?"

ಗುತ್ತೆವ್ವ ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಯಾರಿಗೂ ಹೇಳಬ್ಯಾಡ. ಹೇಳಿದ್ರ ನನ್ನ ರಜಾದ ಮ್ಯಾಲೆ ಕಳಸ್ತಾರ. ನಿನಗ ಯಾರ ಸಿಗತಾರ? ನಿನ್ನ ಟ್ರೇನಿಂಗ್ ಮುಗಿಯೂತನಕ ನನಗೇನೂ ಆಗಂಗಿಲ್ಲ. ನಾ ನಿನಗ ಮಾತ ಕೊಡ್ತೇನಿ."

ಸುಳ್ಳೇಕೆ ಹೇಳಬೇಕು, ಆ ಮಾತು ಕೇಳಿದಾಗ ಭಾಗ್ಯಶ್ರೀಗೆ ಒಂದು ಗಳಿಗೆ ಹಾಯೆನಿಸಿತು. ವರ್ಷ ಉಳಿಯಿತು ಅನಿಸಿತು. ಮರುಗಳಿಗೆಯೇ ತನ್ನ ಬಗ್ಗೆ ತನಗೇ ಹೇಸಿಕೆಯಾಯಿತು.

"ಮುಗದ ಮ್ಯಾಲೆ ಅಕ್ಕಾರ?" ಎಂದು ಕೇಳಿದಳು.

ಗುತ್ತೆವ್ವ ಮುಖ ಆ ಕಡೆ ಹೊರಳಿಸಿದರು. ಭಾಗ್ಯಶ್ರೀ ಅವರ ಕೈ ಬಿಡದೆ, ಇನ್ನೊಂದು ಕೈಯಿಂದ ಡಾಕ್ಟರಿಗೆ ಫೋನ್ ಹಚ್ಚಿದಳು.

ಡಾಕ್ಟರಮ್ಮ ಬಂದು ನಿಂತಾಗ ಗುತ್ತೆವ್ವ ನಕ್ಕರು. ನೂರಾರು ಜನರ ಭಯ ಕಳೆದ ನಗು ಅದು. "ಪಾಠ ಮಾಡಾಕತ್ತಿದ್ನಿರಿ ಮೇಡಂ. ಹುಡುಗಿ ಖರೇ ಅಂತ ತಿಳಕೊಂಡಾಳ."

ಡಾಕ್ಟರಮ್ಮ ಇವಳ ಕಡೆ ನೋಡಿದರು. ಒಂದು ಕಡೆ ಊರೆಲ್ಲ ಕೈ ಮುಗಿಯುವ ಸಿಸ್ಟರ್, ಇನ್ನೊಂದು ಕಡೆ ಬೆಳಿಗ್ಗೆಯಷ್ಟೇ ತಪ್ಪು ಮಾಡಿದ ಹುಡುಗಿ.

"ಪಾಠ ಅಲ್ರಿ ಮೇಡಂ. ಕಪಾಟ ತಗದು ನೋಡ್ರಿ. ಗಂಡನ ಪಂಜೆದ ಕೆಳಗ ಐತಿ."

"ನಿನ್ನ ನಾ ಕರಕೊಂಡಿದ್ದ ತಪ್ಪಾತು" ಎಂದರು ಗುತ್ತೆವ್ವ. ಕೈ ಕಿತ್ತುಕೊಂಡರು.

ಕಪಾಟು ತೆಗೆದವನು ಡಾಕ್ಟರಮ್ಮ ಫೋನ್ ಮಾಡಿ ಕರೆಸಿದ ಗುತ್ತೆವ್ವನ ತಮ್ಮ ಪರಮೇಶಪ್ಪ. ನೋಡಿ, ಅಲ್ಲೇ ನೆಲಕ್ಕೆ ಕುಸಿದು ಕೂತನಂತೆ. ಸಂಜೆಯೇ ಅಕ್ಕನನ್ನು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದ. ಗಾಡಿ ಹತ್ತುವಾಗ ಗುತ್ತೆವ್ವ ಇವಳತ್ತ ತಿರುಗಿಯೂ ನೋಡಲಿಲ್ಲ.

ಭಾಗ್ಯಶ್ರೀ ಮತ್ತೆ ನಾಲ್ಕೂ ತಾಲೂಕು ಅಲೆದಳು. ಯಾರೂ ಸಿಗಲಿಲ್ಲ. ಕಾಲೇಜಿನವರು ಅವಳ ಹೆಸರು ತೆಗೆದ ದಿನ ಶಿಗ್ಗಾಂವಿ ಹತ್ತಿರದ ತನ್ನೂರು ಗೊಟಗೋಡಿಯ ಮನೆಯಲ್ಲಿ ಕದ ಹಾಕಿಕೊಂಡು ಅತ್ತಳು. ಮರುದಿನ ಧಾರವಾಡದ ಬಸ್ಸು ಹತ್ತಿದಳು.

ಗುತ್ತೆವ್ವ ವಾರ್ಡಿನ ಮಂಚದ ಮೇಲೆ ಕೂತಿದ್ದರು, ತೀರ ಇಳಿದುಹೋಗಿದ್ದರು. ಇವಳನ್ನು ಕಂಡು ಮುಖ ತಿರುಗಿಸಲಿಲ್ಲ.

"ಬ್ಯಾರೆ ಯಾರರ ಸಿಕ್ಕರೇನು?"

"ಇಲ್ರಿ. ಸೀಟ ಹೋತ್ರಿ."

ಗುತ್ತೆವ್ವನ ಕಣ್ಣು ತುಂಬಿದವು. "ನನ್ನ ಸಲುವಾಗಿ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು ತಾವೇ ಹೇಳಿದರು. "ಇಲ್ಲೆ ಎಲ್ಲಾರೂ ಊಟ ಆತೇನು, ಗುಳಿಗಿ ತಗೊಂಡ್ರೇನು ಅಂತಾರ. ನೀನರ ಕೇಳು."

ಭಾಗ್ಯಶ್ರೀ ಕೇಳಿದಳು. ಈ ಸಲ ನಾಲಿಗೆ ತಡವರಿಸಲಿಲ್ಲ.

"ಇವತ್ತೂ ಅನಸ್ತೈತಿ" ಎಂದರು ಗುತ್ತೆವ್ವ, ಸಣ್ಣ ದನಿಯಲ್ಲಿ. "ಮುಂಜಾನೆಯಿಂದ ಅನಸಾಕತ್ತೈತಿ."

ಭಾಗ್ಯಶ್ರೀ ಎದ್ದು ವಾರ್ಡಿನ ನರ್ಸಿಗೆ ಅದನ್ನು ತಿಳಿಸಿ ಬಂದಳು. ಶಿಗ್ಗಾಂವಿಯ ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.