ಮೆಮೊರಿಯಲ್ಲಿದ್ದ ಕಣ್ಣು

ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳು ಓಡುತ್ತಿವೆ, ಮೂವತ್ತೆರಡು ಸಾವಿರ ದಾಟಿತು, ಅಂದರೆ ಹೊಸ ಮೆಮೊರಿಯನ್ನು ಈ ಹಳೆ ಕಂಪ್ಯೂಟರ್ ಗುರುತಿಸಿದೆ, ತೊಂಬತ್ತೆಂಟು ಸಾವಿರದ ಮುನ್ನೂರ ನಾಲ್ಕು, ಲೆಕ್ಕ ಸರಿ, ಮೊದಲಿದ್ದ ಮೂವತ್ತೆರಡು ಎಂಬಿ, ಬೆಳಿಗ್ಗೆ ಮೈಸೂರಿನಿಂದ ತಂದ ಅರವತ್ತನಾಲ್ಕು — ಮೊದಲ ಸಲವೂ ಸರಿಯಾಗಿಯೇ ಎಣಿಸಿತ್ತು, ಆಮೇಲೆ ನಿಂತುಬಿಟ್ಟಿತು, ಎಲ್ಲಿ ನಿಂತಿತು ಎಂದು ನೆನೆಯಬಾರದು, ಪಕ್ಕದ ಸ್ಟೂಲಿನಲ್ಲಿ ಮಂಗಳಮ್ಮ ಕೂತಿದ್ದಾಳೆ, ಹನಗೋಡಿನವಳು, ಕೊಟ್ಟಿದ್ದು ಕೆ.ಆರ್. ನಗರಕ್ಕೆ, ತಾಯಿ ಚಿಕ್ಕಸಿದ್ದಮ್ಮ ಉಸಿರು ಬಿಟ್ಟಾಗ ಇವಳಿನ್ನೂ ಬಿಳಿಕೆರೆಯಲ್ಲಿ ಬಸ್ಸು ಕಾಯುತ್ತಿದ್ದಳು, ಬದುಕಿದ್ದಾಗಿನ ಒಂದು ಫೋಟೊ ಇಲ್ಲ ಆ ಮುದುಕಿಯದು, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ಸೀರೆ ಕಟ್ಟಿ ತೆಗೆಸಿದ್ದು, ತಲೆ ಎಡಕ್ಕೆ ವಾಲಿದೆ, ಅಂಗೈ ಮಂಡಿಯ ಮೇಲಿವೆ, ಕಣ್ಣು ಮುಚ್ಚಿವೆ, ಇಂಥವು ತಿಂಗಳಿಗೆ ಎರಡಾದರೂ ಬರುತ್ತವೆ, ಮಗಳದೋ ತಂಗಿಯದೋ ಕಣ್ಣು ತೆಗೆದು ಅಂಟಿಸುತ್ತೇನೆ, ಹುಣಸೂರಿನಲ್ಲಿ ನನ್ನದು ಕಣ್ಣು ಬಿಡಿಸುವ ಅಂಗಡಿ, ನಾಳೆ ಹನ್ನೊಂದನೇ ದಿನ, ಎಡೆಯ ಮುಂದೆ ಫೋಟೊ ಇಡಬೇಕು, ನಾಲ್ಕರ ಬಸ್ಸಿಗೆ ಅವಳು ಹೊರಡಬೇಕು, ಕೊನೇಗೊಂದ್ಸಲ ನನ್ನ ನೋಡ್ಲಿಲ್ಲ ಕಣಣ್ಣ ನಮ್ಮವ್ವ, ಫೋಟೋದಲ್ಲಾರ ನೋಡ್ಲಿ.

ಫೋಟೊ ದೊಡ್ಡದು, ಹಳೆ ಮೆಮೊರಿ ಸಾಲದೆ ಬಂತು, ಹೊಸದು ಹಾಕಿ ಮಂಗಳಮ್ಮನ ಪಾಸ್‌ಪೋರ್ಟ್ ಫೋಟೋ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಕಣ್ಣು ಕತ್ತರಿಸಿದೆ, ತಾಯಿಯ ಮುಖಕ್ಕೆ ಅಂಟಿಸುವ ಮುಂಚೆಯೇ ಎಲ್ಲ ನಿಂತಿತು, ಎಡಗಡೆ ಮಗಳ ಮುಖದಲ್ಲಿ ಎರಡು ಬಿಳಿ ತೂತು, ಬಲಗಡೆ ತಾಯಿಯ ಮುಚ್ಚಿದ ರೆಪ್ಪೆ, ಮೌಸ್ ಅಲುಗದು, ನನ್ ಕಣ್ಣೆಲ್ಲೋದೊ ಅಣ್ಣ, ಮೆಮೊರೀಲವೆ ಕಣಕ್ಕ, ಕರೆಂಟ್ ತೆಗುದ್ರೆ ಅವೆಲ್ಲೋಯ್ತವೆ, ಸ್ವಿಚ್ಚು ಒತ್ತಿ ತೆಗೆದೆ, ಮತ್ತೆ ಹಾಕಿದಾಗ ಎಣಿಕೆಯೂ ಇಲ್ಲ, ಮೆಮೊರಿ ಸಿಗದ ಮಿಷನ್ನಿನ ಉದ್ದನೆಯ ಒಂದೇ ಕೂಗು, ನಿಂತು ಮತ್ತೆ ಕೂಗು, ಮಂಗಳಮ್ಮ ಎರಡೂ ಕಣ್ಣು ಉಜ್ಜಿಕೊಂಡಳು, ಕ್ಯಾಬಿನೆಟ್ ಬಿಚ್ಚಿ ಮೆಮೊರಿ ಕಿತ್ತರೆ ಚಿನ್ನದ ಬಣ್ಣದ ಹಲ್ಲುಗಳಿಗೆ ಬೂದಿ ಮೆತ್ತಿದೆ, ವಿಭೂತಿ, ಕಳೆದ ತಿಂಗಳು ಆಯುಧಪೂಜೆಗೆ ಹೊರಗೆ ಬಳಿದರೆ ಸಾಲದೆಂದು ಒಳಗಿನ ಹಲಗೆಗೂ ಮೂರು ಬೆರಳು ಎಳೆದವನು ನಾನೇ, ಟೀ ತಂದ ದೇವರಾಜು ಬಗ್ಗಿ ನೋಡಿದ, ಪೂಜೆ ಮಾಡಿ ಮಿಷನ್‌ಗೇ ತಿಥಿ ಮಾಡ್ಬುಟ್ಯಲ್ಲಾ ನಟರಾಜು, ಅವಳು ನಗಲಿಲ್ಲ, ರಬ್ಬರಿನಿಂದ ಹಲ್ಲು ಉಜ್ಜಿದೆ, ಬ್ರಶ್ಶಿನಿಂದ ಅದು ಕೂರುವ ಸ್ಲಾಟು ಗುಡಿಸಿದೆ, ಒತ್ತಿದೆ, ಈಗ ಕಂಪ್ಯೂಟರ್ ಎಣಿಸಿ ಮುಗಿಸಿದೆ, ಇನ್ನು ಕತ್ತರಿಸುವುದು ಬೇಡ, ನಕಲು ಸಾಕು, ಮತ್ತೆ ಸ್ಕ್ಯಾನು, ಎಡಗಣ್ಣು ಕೂತಿತು, ಬಲಗಣ್ಣು, ಅಂಚು ಮಸುಕು ಮಾಡಿ ಸ್ವಲ್ಪ ಕಪ್ಪು, ಮೂರು ಇಪ್ಪತ್ತು, ಚಿಕ್ಕಸಿದ್ದಮ್ಮ ನೋಡುತ್ತಿದ್ದಾಳೆ, ನೋಡಕ್ಕ, ಮಂಗಳಮ್ಮ ಬಹಳ ಹೊತ್ತು ನೋಡುತ್ತಾಳೆ, ಅವ್ವ ಅಲ್ಲ ಕಣಣ್ಣ, ಅಲ್ಲಿ ನಾನೇ ಕುಂತಿವ್ನಿ, ಬ್ಯಾಡ ಅಂದ್ರೆ ತೆಗೀತೀನಿ ಅಕ್ಕ, ಪ್ರಿಂಟರಿಗೆ ಕಾಗದ ಇಟ್ಟು ತಿರುಗುತ್ತೇನೆ, ಸ್ಟೂಲಿನಲ್ಲಿ ಅವಳ ತಲೆ ಎಡಕ್ಕೆ ವಾಲಿದೆ, ಅಂಗೈ ಮಂಡಿಯ ಮೇಲಿವೆ, ದಣಿದಿರಬೇಕು, ನಿದ್ದೆ ಇರಬೇಕು, ಅಕ್ಕಾ, ಪರದೆಯಲ್ಲಿ ತೆರೆದ ಕಣ್ಣು, ಬಸ್ಸು ಬರುತ್ತೆ ಏಳಕ್ಕ, ಸ್ಟೂಲಿನಲ್ಲಿ ಮುಚ್ಚಿದ ರೆಪ್ಪೆ, ಅಕ್ಕಾ, ಮುಚ್ಚಿದ ರೆಪ್ಪೆ —